ಎದೆಹಾಲುಣಿಸುವ ಚಿತ್ರವನ್ನು ಜಾಲತಾಣ ತೆಗೆದುಹಾಕಿದರೆ ಏನು ಮಾಡಬೇಕು

ಎರಡು ವರ್ಷಗಳ ಹಿಂದೆ, ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ತೀರ್ಥಹಳ್ಳಿ ಸೀಮೆಯ ನನ್ನ ಅಕ್ಕನ ಮನೆಯಲ್ಲಿ ಅವಳ ಮಗಳ ಬಾಣಂತನ ನಡೆದಿತ್ತು. ಮಗು ಹುಟ್ಟಿ ಇಪ್ಪತ್ತೆರಡು ದಿನವಾಗಿತ್ತು. ಮೊದಲ ಹತ್ತು ದಿನ ಮೊಲೆತೊಟ್ಟು ಒಡೆದು, ನೋವು ತಾಳಲಾರದೆ ಅತ್ತಿದ್ದ ಹುಡುಗಿ, ಮಗುವನ್ನು ಎದೆಗೆ ಹಿಡಿಯುವ ಸರಿಯಾದ ರೀತಿ ಕೈಗೆ ಬಂದ ಮೇಲೆ ನೆಮ್ಮದಿಯಿಂದ ಹಾಲು ಕುಡಿಸುತ್ತಿದ್ದಳು. ತನಗಾದ ಕಷ್ಟ ಇನ್ನೊಬ್ಬ ಬಾಣಂತಿಗೆ ಆಗದಿರಲಿ ಎಂದು ಅವಳೇ ಹೇಳಿ ಒಂದು ಚಿತ್ರ ತೆಗೆಸಿಕೊಂಡಳು. ವಿಶ್ವ ಸ್ತನ್ಯಪಾನ ಸಪ್ತಾಹ ನಡೆಯುತ್ತಿದ್ದುದರಿಂದ ನಾನು ಅದನ್ನು ವಿವರಣೆಯೊಂದಿಗೆ ಜಾಲತಾಣವೊಂದರಲ್ಲಿ ಹಾಕಿದೆ. ಒಂದು ಗಂಟೆ ಕಳೆಯುವುದರೊಳಗೆ ಚಿತ್ರ ಮಾಯವಾಗಿ, ನಗ್ನತೆ ಮತ್ತು ಲೈಂಗಿಕ ಚಟುವಟಿಕೆಗೆ ಸಂಬಂಧಿಸಿದ ನಿಯಮವನ್ನು ನಾನು ಮೀರಿದ್ದೇನೆ ಎಂಬ ಸೂಚನೆ ಬಂದಿತ್ತು. ಅದನ್ನು ಓದಿದ ಹುಡುಗಿ, "ಚಿಕ್ಕಮ್ಮ, ನಾನೇನಾದರೂ ತಪ್ಪು ಮಾಡಿದೆನಾ?" ಎಂದು ಕೇಳಿದಳು.

ಅವಳು ತಪ್ಪು ಮಾಡಿರಲಿಲ್ಲ, ನಿಯಮವನ್ನೂ ಮೀರಿರಲಿಲ್ಲ. ದೊಡ್ಡ ಜಾಲತಾಣಗಳ ಲಿಖಿತ ನಿಯಮಗಳು ಹಾಲುಣಿಸುವ ಚಿತ್ರಕ್ಕೆ ಅವಕಾಶ ಕೊಡುತ್ತವೆ. ಆ ನಿಯಮವನ್ನು ಜಾರಿ ಮಾಡುವ ಯಂತ್ರಕ್ಕೆ ಮಾತ್ರ ಹಾಲುಣಿಸುವ ಎದೆಗೂ ಬೇರೆ ನಗ್ನ ಚಿತ್ರಕ್ಕೂ ಇರುವ ವ್ಯತ್ಯಾಸ ಹಲವು ಬಾರಿ ತಿಳಿಯುವುದಿಲ್ಲ. ಆದ್ದರಿಂದ ಚಿತ್ರವನ್ನು ಯಾವ ಕಾರಣಕ್ಕೆ ತೆಗೆದರು ಎಂಬುದನ್ನು ಮೊದಲು ಖಚಿತವಾಗಿ ತಿಳಿದು, ಅದೇ ಕಾರಣಕ್ಕೆ, ಅದೇ ನಿಯಮದ ಮಾತಿನಲ್ಲಿ ಉತ್ತರ ಕೊಡಬೇಕು. ನಾನು ಮೊದಲ ಸಲ ಹಾಗೆ ಮಾಡದೆ, ಕೋಪದಲ್ಲಿ ಉದ್ದನೆಯ ಪತ್ರ ಬರೆದು ಸೋತೆ. ಎರಡನೆಯ ಸಲ ಆರು ವಾಕ್ಯ ಬರೆದೆ. ಹನ್ನೊಂದನೆಯ ದಿನ ಚಿತ್ರ ಮರಳಿತು. ಅಷ್ಟರಲ್ಲಿ ಸಪ್ತಾಹ ಮುಗಿದಿತ್ತು.

ಚಿತ್ರದ ಅಗತ್ಯ

ಹಾಲು ಕುಡಿಸುವುದನ್ನು ಮಾತಿನಲ್ಲಿ ಹೇಳಿಕೊಟ್ಟರೆ ಸಾಲದೇ, ಚಿತ್ರವೇ ಏಕೆ ಬೇಕು ಎಂದು ಕೇಳುವವರಿದ್ದಾರೆ. ಮಗು ಸರಿಯಾಗಿ ಎದೆ ಹಿಡಿದಿದೆಯೇ ಎಂದು ತಿಳಿಯುವ ಗುರುತುಗಳೆಲ್ಲ ಕಣ್ಣಿಗೆ ಕಾಣುವಂಥವು. ಬಾಯಿ ಆಕಳಿಸುವಷ್ಟು ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಗುಚಿರಬೇಕು, ಗದ್ದ ಎದೆಗೆ ತಾಗಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮಗುವಿನ ಮೇಲ್ದುಟಿಯ ಮೇಲೆ ಹೆಚ್ಚು ಕಾಣಬೇಕು, ಕೆಳತುಟಿಯ ಕೆಳಗೆ ಕಡಿಮೆ ಕಾಣಬೇಕು. ಈ ಕೊನೆಯ ಗುರುತನ್ನು ಬಟ್ಟೆ ಹೊದಿಸಿದ ಚಿತ್ರದಲ್ಲಿ ತೋರಿಸಲು ಸಾಧ್ಯವೇ ಇಲ್ಲ. ತೊಟ್ಟು ಒಡೆಯುವುದಕ್ಕೂ, ಮಗುವಿಗೆ ಹಾಲು ಸಾಲದೆ ತೂಕ ಏರದಿರುವುದಕ್ಕೂ ಬಹಳ ಸಲ ಇಲ್ಲಿಯೇ ಮೂಲವಿರುತ್ತದೆ.

ಹಿಂದೆ ಮಲೆನಾಡಿನ ದೊಡ್ಡ ಮನೆಗಳಲ್ಲಿ ಇದನ್ನು ಕಲಿಸಬೇಕಾಗಿರಲಿಲ್ಲ. ಜಗುಲಿಯಲ್ಲೋ ಅಡಿಕೆ ಸುಲಿಯುವ ಸಾಲಿನಲ್ಲೋ ಕುಳಿತು ಅತ್ತೆ, ಅತ್ತಿಗೆ, ದೊಡ್ಡಮ್ಮ ಮಗುವಿಗೆ ಹಾಲು ಕುಡಿಸುವುದನ್ನು ನೋಡುತ್ತಲೇ ಹೆಣ್ಣುಮಕ್ಕಳು ಬೆಳೆಯುತ್ತಿದ್ದರು. ಈಗ ಮನೆಗಳಲ್ಲಿ ಇಬ್ಬರು ಮೂವರು ಇದ್ದಾರೆ. ತೋಟದ ನಡುವಿನ ಒಂಟಿಮನೆಗೆ ಮತ್ತೊಂದು ಮನೆ ಅರ್ಧ ಮೈಲಿ ದೂರ. ಆಷಾಢ ಶ್ರಾವಣದ ಮಳೆಯಲ್ಲಿ ಹಳ್ಳ ತುಂಬಿದರೆ ಆಶಾ ಕಾರ್ಯಕರ್ತೆಯೂ ಬರಲಾಗದ ದಿನಗಳಿರುತ್ತವೆ. ತನ್ನದೇ ಮಗುವನ್ನು ಎತ್ತಿಕೊಳ್ಳುವವರೆಗೆ ಒಂದು ಮಗು ಮೊಲೆ ಕುಡಿಯುವುದನ್ನು ಹತ್ತಿರದಿಂದ ಕಂಡಿರದ ಹುಡುಗಿಗೆ, ರಾತ್ರಿ ಎರಡು ಗಂಟೆಗೆ ಕೈಗೆ ಸಿಗುವುದು ಫೋನು ಮಾತ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ. 41.8 ಮಕ್ಕಳಿಗೆ ಮಾತ್ರ. ಇಂಥ ಪರಿಸ್ಥಿತಿಯಲ್ಲಿ ಹಾಲುಣಿಸುವ ಒಂದು ಒಳ್ಳೆಯ ಚಿತ್ರವನ್ನು ಅಳಿಸುವುದೆಂದರೆ ಬಾಣಂತಿಯ ಕೈಯಿಂದ ಒಂದು ಪಾಠವನ್ನು ಕಿತ್ತುಕೊಂಡಂತೆ ಎಂದು ನಾನು ನಂಬಿದ್ದೇನೆ.

ನಿಯಮ ಏನು ಹೇಳುತ್ತದೆ

ಈ ಅವಕಾಶವನ್ನು ತಾಯಂದಿರು ಕೇಳಿ ಪಡೆದುಕೊಂಡಿದ್ದಾರೆ. 2008ರ ಡಿಸೆಂಬರ್‌ನಲ್ಲಿ ಹಾಲುಣಿಸುವ ಚಿತ್ರಗಳನ್ನು ಅಳಿಸುತ್ತಿದ್ದ ಫೇಸ್‌ಬುಕ್‌ನ ವಿರುದ್ಧ ಸಾವಿರಾರು ಮಂದಿ ಒಂದೇ ದಿನ ತಮ್ಮ ಖಾತೆಯ ಚಿತ್ರವನ್ನು ಹಾಲುಣಿಸುವ ಚಿತ್ರಕ್ಕೆ ಬದಲಿಸಿ ಪ್ರತಿಭಟಿಸಿದರು; ಕೆಲವು ತಾಯಂದಿರು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಕಂಪನಿಯ ಕಚೇರಿಯ ಮುಂದೆಯೇ ಮಕ್ಕಳಿಗೆ ಹಾಲು ಕುಡಿಸಿದರು. ಆದರೂ ತೊಟ್ಟು ಕಾಣುವ ಹಾಲುಣಿಸುವ ಚಿತ್ರಗಳ ಮೇಲಿನ ನಿರ್ಬಂಧ ಸಡಿಲಗೊಂಡದ್ದು 2014ರಲ್ಲಿ. 2015ರಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಎರಡೂ ತಮ್ಮ ಲಿಖಿತ ನಿಯಮಗಳಲ್ಲಿ ಈ ವಿನಾಯಿತಿಯನ್ನು ಸ್ಪಷ್ಟವಾಗಿ ಸೇರಿಸಿದವು. ಹೆಣ್ಣಿನ ಮೊಲೆತೊಟ್ಟು ಕಾಣುವ ಚಿತ್ರಗಳಿಗೆ ಸಾಮಾನ್ಯವಾಗಿ ನಿಷೇಧವಿದ್ದರೂ, ಹಾಲುಣಿಸುವುದು, ಹೆರಿಗೆ ಮತ್ತು ಹೆರಿಗೆಯ ನಂತರದ ಕ್ಷಣಗಳು, ಸ್ತನ ಕ್ಯಾನ್ಸರ್ ಜಾಗೃತಿ, ಶಸ್ತ್ರಚಿಕಿತ್ಸೆಯ ಗಾಯದ ಗುರುತು, ಪ್ರತಿಭಟನೆ ಇವುಗಳಿಗೆ ವಿನಾಯಿತಿ ಇದೆ. ಚಿತ್ರಕಲೆ ಮತ್ತು ಶಿಲ್ಪಗಳಿಗೂ ಇದೆ. ಯೂಟ್ಯೂಬ್‌ನಲ್ಲಿ ಶಿಕ್ಷಣ, ಸಾಕ್ಷ್ಯಚಿತ್ರ, ವಿಜ್ಞಾನ ಮತ್ತು ಕಲೆಯ ಉದ್ದೇಶದ ವಿಡಿಯೊಗಳಿಗೆ ಪ್ರತ್ಯೇಕ ವಿನಾಯಿತಿ ಇದೆ.

ಕಾನೂನಿನ ಭಯವೂ ಹಲವರಿಗಿದೆ. ಪೊಲೀಸ್ ಕೇಸಾದೀತು ಎಂದು ಮನೆಯ ಗಂಡಸರು ಹೆದರಿಸಿ ಚಿತ್ರ ತೆಗೆಸಿದ ಉದಾಹರಣೆಗಳನ್ನು ನಾನು ಕಂಡಿದ್ದೇನೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಅಶ್ಲೀಲವಾದುದನ್ನು ಪ್ರಕಟಿಸುವುದನ್ನು ಅಪರಾಧವೆನ್ನುತ್ತದೆ ನಿಜ. ಆದರೆ ಮೈ ಕಂಡಿತೆಂಬ ಮಾತ್ರಕ್ಕೆ ಚಿತ್ರ ಅಶ್ಲೀಲವಾಗುವುದಿಲ್ಲ, ಅದನ್ನು ಸಮಕಾಲೀನ ಸಮಾಜದ ದೃಷ್ಟಿಯಿಂದ, ಸಂದರ್ಭದೊಂದಿಗೆ ನೋಡಬೇಕು ಎಂದು ಸುಪ್ರೀಂ ಕೋರ್ಟು 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹೇಳಿದೆ. 2018ರಲ್ಲಿ ಮಲಯಾಳಂನ ಗೃಹಲಕ್ಷ್ಮಿ ಪತ್ರಿಕೆ ತನ್ನ ಮುಖಪುಟದಲ್ಲಿ ರೂಪದರ್ಶಿಯೊಬ್ಬರು ಮಗುವಿಗೆ ಹಾಲುಣಿಸುವ ಚಿತ್ರ ಹಾಕಿದಾಗ ಅದರ ವಿರುದ್ಧ ಹೋದ ಅರ್ಜಿಯನ್ನು ಕೇರಳ ಹೈಕೋರ್ಟು ಚಿತ್ರದಲ್ಲಿ ಅಶ್ಲೀಲತೆ ಕಾಣುವುದಿಲ್ಲ ಎಂದು ತಳ್ಳಿಹಾಕಿತು. ಮನೆಯಲ್ಲಿ ಈ ಮಾತು ಬಂದರೆ ಈ ಎರಡು ತೀರ್ಪುಗಳನ್ನು ಹೇಳಿದರೆ ಸಾಕು.

ಯಂತ್ರ ಎಲ್ಲಿ ತಪ್ಪುತ್ತದೆ

ಹಾಕಿದ ಪ್ರತಿಯೊಂದು ಚಿತ್ರವನ್ನೂ ಮೊದಲು ನೋಡುವುದು ಗಣಕಯಂತ್ರ. ಲಕ್ಷಾಂತರ ಚಿತ್ರಗಳಿಂದ ಕಲಿಸಲ್ಪಟ್ಟ ಈ ವ್ಯವಸ್ಥೆ ಒಂದು ಚಿತ್ರದಲ್ಲಿ ನಗ್ನತೆ ಇರುವ ಸಂಭವ ಎಷ್ಟು ಎಂದು ಅಂಕ ಕೊಡುತ್ತದೆ; ಅಂಕ ಒಂದು ಗೆರೆ ದಾಟಿದರೆ ಚಿತ್ರ ತಾನಾಗಿಯೇ ಹೋಗುತ್ತದೆ ಅಥವಾ ಮನುಷ್ಯ ಪರಿಶೀಲಕರ ಮುಂದೆ ಹೋಗುತ್ತದೆ. ಯಾರಾದರೂ ದೂರು ಕೊಟ್ಟರೂ ಪರಿಶೀಲನೆಗೆ ಹೋಗುತ್ತದೆ. ಒಮ್ಮೆ ತಪ್ಪೆಂದು ತೀರ್ಮಾನವಾದ ಚಿತ್ರದ ಗುರುತನ್ನು ಯಂತ್ರ ನೆನಪಿನಲ್ಲಿಟ್ಟುಕೊಂಡರೆ, ಅದೇ ಚಿತ್ರವನ್ನು ಬೇರೆಯವರು ಹಾಕಿದಾಗಲೂ ಅಳಿಸುತ್ತದೆ. ಅಳಿಸಿದ ಚಿತ್ರವನ್ನು ಸಿಟ್ಟಿನಿಂದ ಮತ್ತೆ ಮತ್ತೆ ಹಾಕಬಾರದು ಎನ್ನುವುದಕ್ಕೆ ಇದೇ ಕಾರಣ: ಪ್ರತಿ ಸಲವೂ ಅದು ನಿಮ್ಮ ಖಾತೆಯ ಮೇಲೆ ಇನ್ನೊಂದು ಉಲ್ಲಂಘನೆಯಾಗಿ ದಾಖಲಾಗುವ ಅಪಾಯವಿದೆ, ಹಾಗೆ ದಾಖಲಾದ ಖಾತೆಗೆ ಮೇಲ್ಮನವಿಯಲ್ಲಿ ಬಲ ಕಡಿಮೆ.

ಬ್ರೆಜಿಲ್‌ನ ಒಂದು ಪ್ರಕರಣ ಈ ಯಂತ್ರದ ದೋಷವನ್ನು ಚೆನ್ನಾಗಿ ತೋರಿಸಿತು. 2020ರ ಅಕ್ಟೋಬರ್‌ನಲ್ಲಿ ಅಲ್ಲಿನ ಒಬ್ಬರು ಸ್ತನ ಕ್ಯಾನ್ಸರ್‌ನ ಲಕ್ಷಣಗಳನ್ನು ತೋರಿಸುವ ಚಿತ್ರಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದರು. ಚಿತ್ರದ ಮೇಲೆ ಪೋರ್ಚುಗೀಸ್ ಭಾಷೆಯಲ್ಲಿ ಸ್ತನ ಕ್ಯಾನ್ಸರ್ ಎಂದು ಬರೆದಿದ್ದರೂ ಯಂತ್ರ ಅದನ್ನು ಗುರುತಿಸದೆ ಚಿತ್ರವನ್ನು ಅಳಿಸಿತು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳನ್ನು ನಡೆಸುವ ಕಂಪನಿಯ ನಿರ್ಧಾರಗಳನ್ನು ಪರಿಶೀಲಿಸಲು ರಚನೆಯಾದ ಓವರ್‌ಸೈಟ್ ಬೋರ್ಡ್ ಈ ಪ್ರಕರಣವನ್ನು ಕೈಗೆತ್ತಿಕೊಂಡ ಮೇಲೆ ಕಂಪನಿ ಚಿತ್ರವನ್ನು ಮರಳಿಸಿತು. 2021ರ ಜನವರಿಯಲ್ಲಿ ಬಂದ ತೀರ್ಪಿನಲ್ಲಿ ಬೋರ್ಡ್, ತಪ್ಪನ್ನು ಯಂತ್ರ ಮಾಡಿದಾಗ ಬಳಕೆದಾರರಿಗೆ ಅದನ್ನು ತಿಳಿಸಬೇಕು ಮತ್ತು ಮನುಷ್ಯರಿಂದ ಮರುಪರಿಶೀಲನೆ ಮಾಡಿಸಿಕೊಳ್ಳುವ ಅವಕಾಶ ಕೊಡಬೇಕು ಎಂದು ಶಿಫಾರಸು ಮಾಡಿತು. ಪೋರ್ಚುಗೀಸಿನಂಥ ಕೋಟ್ಯಂತರ ಜನರ ಭಾಷೆಗೇ ಹೀಗಾದ ಮೇಲೆ, ಚಿತ್ರದ ಮೇಲೆ ಬರೆದ ಕನ್ನಡ ಅಕ್ಷರವನ್ನು ಯಂತ್ರ ಓದಿಕೊಂಡು ಅರ್ಥ ಮಾಡಿಕೊಳ್ಳುತ್ತದೆಂದು ನಂಬಿ ಕೂರುವುದು ಸರಿಯಲ್ಲ. ವಿವರಣೆಯನ್ನು ಚಿತ್ರದ ಮೇಲೆ ಮಾತ್ರ ಬರೆಯದೆ ಪೋಸ್ಟಿನ ಬರಹದಲ್ಲಿಯೂ ಟೈಪು ಮಾಡಿ, ಮೊದಲ ಸಾಲಿನಲ್ಲಿಯೇ ಇದು ತಾಯಿ ಮಗುವಿಗೆ ಎದೆಹಾಲುಣಿಸುವ ಚಿತ್ರ ಎಂದು ಹೇಳಿ, ಅದನ್ನೇ ಇಂಗ್ಲಿಷಿನಲ್ಲಿಯೂ ಒಂದು ಸಾಲು ಸೇರಿಸಿ.

ಚಿತ್ರ ತೆಗೆಯುವಾಗ

ಎಲ್ಲಕ್ಕಿಂತ ಮೊದಲು ತಾಯಿಯ ಒಪ್ಪಿಗೆ. ಬಾಣಂತಿ ದಣಿದಿರುತ್ತಾಳೆ, ಮನೆಯ ಹಿರಿಯರ ಮಾತಿಗೆ ಇಲ್ಲವೆನ್ನಲಾರದ ಸ್ಥಿತಿಯಲ್ಲಿರುತ್ತಾಳೆ. ಆದ್ದರಿಂದ ಅತ್ತೆಯ ಮುಂದೆಯೋ ಗಂಡನ ಮುಂದೆಯೋ ಕೇಳಿ ಪಡೆದ ಒಪ್ಪಿಗೆಯನ್ನು ನಾನು ಒಪ್ಪಿಗೆಯೆಂದು ಎಣಿಸುವುದಿಲ್ಲ. ಅವಳೊಬ್ಬಳೇ ಇರುವಾಗ, ಚಿತ್ರವನ್ನು ತೋರಿಸಿ, ಯಾವ ಜಾಲತಾಣದಲ್ಲಿ, ಯಾರಿಗೆಲ್ಲ ಕಾಣುವಂತೆ ಹಾಕುತ್ತೇವೆ ಎಂದು ವಿವರಿಸಿ ಕೇಳಬೇಕು, ಮತ್ತು ಅದೇ ದಿನ ಹಾಕದೆ ಒಂದು ದಿನ ಬಿಟ್ಟು ಇನ್ನೊಮ್ಮೆ ಕೇಳಬೇಕು. ಒಪ್ಪಿಗೆಯನ್ನು ಅವಳ ಫೋನಿನಿಂದಲೇ ಒಂದು ಸಂದೇಶವಾಗಿ ಪಡೆದಿಟ್ಟುಕೊಂಡರೆ ಮುಂದೆ ಮೇಲ್ಮನವಿಗೂ ಉಪಯೋಗಕ್ಕೆ ಬರುತ್ತದೆ. ಮನೆಭೇಟಿ ಮಾಡಿದ್ದಕ್ಕೆ ಸಾಕ್ಷಿಯೆಂದು ಬಾಣಂತಿಯ ಚಿತ್ರ ತೆಗೆದು ಗುಂಪುಗಳಿಗೆ ಕಳುಹಿಸುವ ಅಭ್ಯಾಸ ಎಲ್ಲಿ ಇದೆಯೋ ಅಲ್ಲಿ ಅದನ್ನು ಬಿಡಿಸಬೇಕು.

ಇನ್ನು ಚಿತ್ರದ ವಿಷಯ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಾಣಂತಿ ಕೋಣೆ ಕತ್ತಲು. ಗಾಳಿ ತಾಗಬಾರದೆಂದು ಕಿಟಕಿಯನ್ನೂ ಮುಚ್ಚಿರುತ್ತಾರೆ. ಅಂಥ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಮಗುವಿನ ಮುಖ ಯಾವುದು, ತಾಯಿಯ ತೋಳು ಯಾವುದು ಎಂದು ಮನುಷ್ಯರಿಗೇ ತಿಳಿಯುವುದಿಲ್ಲ, ಬರೀ ಚರ್ಮದ ಬಣ್ಣ ಕಾಣುತ್ತದೆ. ಹಗಲಿನಲ್ಲಿ, ಕಿಟಕಿಯ ಬಾಗಿಲು ಸ್ವಲ್ಪ ತೆರೆದು, ಬೆಳಕು ಪಕ್ಕದಿಂದ ಬೀಳುವಂತೆ ತೆಗೆಯಿರಿ. ಎದೆಯನ್ನು ಮಾತ್ರ ತೋರಿಸುವ ತೀರಾ ಹತ್ತಿರದ ಚಿತ್ರಕ್ಕಿಂತ, ಮಗುವಿನ ಇಡೀ ತಲೆ, ಬೆನ್ನು, ಅದನ್ನು ಹಿಡಿದ ತಾಯಿಯ ಕೈ ಎಲ್ಲವೂ ಒಳಗೊಳ್ಳುವ ಚಿತ್ರ ಉಳಿಯುವ ಸಂಭವ ಹೆಚ್ಚು. ಕಲಿಯುವವಳಿಗೂ ಅದೇ ಹೆಚ್ಚು ಉಪಯುಕ್ತ, ಏಕೆಂದರೆ ಮಗುವಿನ ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಬೇಕು ಎಂಬುದನ್ನು ಅದರಲ್ಲಿ ತೋರಿಸಬಹುದು. ಮಗುವಿನ ಬಾಯಿ ಎದೆಯಲ್ಲಿ ಇರುವ ಕ್ಷಣವನ್ನೇ ಆರಿಸಿಕೊಳ್ಳಿ. ಕುಡಿದು ಮುಗಿಸಿ ಮಗು ಮುಖ ತಿರುಗಿಸಿದ ಚಿತ್ರ ತಾಯಿಗೆ ಎಷ್ಟೇ ಮುದ್ದಾಗಿ ಕಂಡರೂ ಪರಿಶೀಲಕರ ಕಣ್ಣಿಗೆ ಅದು ವಿನಾಯಿತಿಯ ಹೊರಗೆ ಬೀಳಬಹುದು. ತಾಯಿಯ ಮುಖ ಕಾಣಬೇಕೇ ಬೇಡವೇ ಎಂಬುದು ಸಂಪೂರ್ಣವಾಗಿ ಅವಳಿಗೆ ಬಿಟ್ಟದ್ದು.

ಬಹಳ ಜನ ಗಮನಿಸದ ಒಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕು. ಹಲವು ಹಾಲುಣಿಸುವ ಚಿತ್ರಗಳು ಅಳಿಸಿಹೋಗುವುದು ತಾಯಿಯ ಎದೆ ಕಂಡದ್ದಕ್ಕಲ್ಲ, ಮಗು ಬಟ್ಟೆಯಿಲ್ಲದೆ ಇದ್ದುದಕ್ಕೆ. ಮಕ್ಕಳ ನಗ್ನ ಚಿತ್ರಗಳನ್ನು ಹೆತ್ತವರೇ ಒಳ್ಳೆಯ ಮನಸ್ಸಿನಿಂದ ಹಾಕಿದರೂ, ದುರುಪಯೋಗದ ಭಯದಿಂದ ಜಾಲತಾಣಗಳು ತೆಗೆದುಹಾಕುತ್ತವೆ. ಈ ನಿಯಮ ಮಗುವಿನ ರಕ್ಷಣೆಗೆ ಇರುವುದು, ಇದರ ಜೊತೆ ನನಗೆ ಜಗಳವಿಲ್ಲ. ಎಣ್ಣೆ ಹಚ್ಚಿ ನೀರು ಹಾಕಿದ ಕೂಡಲೇ ಹಾಲಿಗೆ ಹಿಡಿದ ಮಗುವಿನ ಚಿತ್ರವಾದರೆ ಸೊಂಟದಿಂದ ಕೆಳಗೆ ಒಂದು ಹಳೆಯ ಪಂಚೆಯ ತುಂಡನ್ನಾದರೂ ಹೊದಿಸಿ. ಫೋನಿನಲ್ಲಿ ತೆಗೆದ ಚಿತ್ರಗಳು ತಾವಾಗಿಯೇ ಅಂತರಜಾಲದ ಸಂಗ್ರಹಕ್ಕೆ ಹೋಗುವಂತೆ ಇಟ್ಟುಕೊಂಡಿರುವವರು ಇನ್ನೂ ಎಚ್ಚರವಾಗಿರಬೇಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಂದೆಯೊಬ್ಬರು ವೈದ್ಯರಿಗೆ ತೋರಿಸಲೆಂದು ತೆಗೆದ ತಮ್ಮ ಪುಟ್ಟ ಮಗನ ಗುಪ್ತಾಂಗದ ಚಿತ್ರವನ್ನು ಗೂಗಲ್‌ನ ಯಂತ್ರ ಅಪರಾಧವೆಂದು ಗುರುತಿಸಿ, ಅವರ ಇಡೀ ಖಾತೆಯನ್ನೇ ಮುಚ್ಚಿದ ಸಂಗತಿ 2022ರಲ್ಲಿ ಸುದ್ದಿಯಾಯಿತು. ಪೊಲೀಸರು ತಪ್ಪಿಲ್ಲವೆಂದ ಮೇಲೂ ಅವರಿಗೆ ಖಾತೆ ಮರಳಿ ಸಿಗಲಿಲ್ಲ.

ವಾಟ್ಸ್‌ಆ್ಯಪ್ ಗುಂಪುಗಳನ್ನು ನಡೆಸುವವರಿಗೆ ಒಂದು ಮಾತು. ಗುಂಪಿನೊಳಗಿನ ಸಂದೇಶಗಳು ಕಳುಹಿಸಿದವರು ಮತ್ತು ಪಡೆದವರ ನಡುವೆ ಗೂಢಲಿಪಿಯಲ್ಲಿರುತ್ತವೆ, ಆದರೆ ಗುಂಪಿನ ಮುಖಚಿತ್ರ ಹಾಗಿರುವುದಿಲ್ಲ, ಅದನ್ನು ಯಂತ್ರ ನೋಡುತ್ತದೆ. ಸದಸ್ಯರೊಬ್ಬರು ದೂರು ಒತ್ತಿದರೆ ಕೊನೆಯ ಐದು ಸಂದೇಶಗಳು ಕಂಪನಿಗೆ ಹೋಗುತ್ತವೆ. ಆದ್ದರಿಂದ ಹಾಲುಣಿಸುವ ಚಿತ್ರಗಳನ್ನು ಗುಂಪಿನ ಒಳಗೆ ಮಾತ್ರ ಹಂಚಿ, ಇಲ್ಲಿ ಇಂಥ ಚಿತ್ರಗಳು ಬರುತ್ತವೆ ಎಂದು ಸೇರುವಾಗಲೇ ಎಲ್ಲರಿಗೂ ತಿಳಿಸಿ.

ತೆಗೆದುಹಾಕಿದ ಮೇಲೆ

ಸೂಚನೆ ಬಂದ ಕೂಡಲೇ ಅದರ ಸ್ಕ್ರೀನ್‌ಶಾಟ್ ತೆಗೆಯಿರಿ. ದಿನಾಂಕ, ಸಮಯ, ಯಾವ ನಿಯಮದ ಹೆಸರು ಹೇಳಿದ್ದಾರೆ ಎಂಬುದು ಅದರಲ್ಲಿ ಕಾಣಬೇಕು. ಮೂಲ ಚಿತ್ರ ಮತ್ತು ನೀವು ಬರೆದ ವಿವರಣೆಯನ್ನು ಬೇರೆ ಕಡೆ ಉಳಿಸಿಟ್ಟುಕೊಳ್ಳಿ. ನಂತರ ಮೂರು ಸ್ಥಿತಿಗಳಲ್ಲಿ ಯಾವುದು ಆಗಿದೆ ಎಂದು ನೋಡಬೇಕು. ಚಿತ್ರ ನಿಜವಾಗಿ ಅಳಿಸಿಹೋಗಿರಬಹುದು. ಚಿತ್ರ ಇದ್ದೂ ಹೊಸಬರಿಗೆ ಕಾಣದಂತೆ ಶಿಫಾರಸಿನಿಂದ ಹೊರಗಿಟ್ಟಿರಬಹುದು. ಇನ್‌ಸ್ಟಾಗ್ರಾಂನಲ್ಲಿ ಇದು ಅಕೌಂಟ್ ಸ್ಟೇಟಸ್ ಎಂಬ ಪುಟದಲ್ಲಿ ಗೊತ್ತಾಗುತ್ತದೆ. ಅಥವಾ ಹಣ ಕೊಟ್ಟು ಹೆಚ್ಚು ಜನರಿಗೆ ತಲುಪಿಸಲು ಬೂಸ್ಟ್ ಮಾಡಿದ್ದು ಮಾತ್ರ ತಿರಸ್ಕೃತವಾಗಿರಬಹುದು. ಜಾಹೀರಾತಿಗೆ ಅನ್ವಯಿಸುವ ನಿಯಮ ಸಾಮಾನ್ಯ ಪೋಸ್ಟಿನ ನಿಯಮಕ್ಕಿಂತ ಬಿಗಿ, ಹಾಗಾಗಿ ಈ ಮೂರನೆಯದಕ್ಕೆ ಹೋರಾಡಿ ಸಮಯ ಕಳೆಯುವುದಕ್ಕಿಂತ ಚಿತ್ರವನ್ನು ಬೂಸ್ಟ್ ಇಲ್ಲದೆ ಬಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಚಿತ್ರವೇ ಹೋಗಿದ್ದರೆ, ಸೂಚನೆಯ ಕೆಳಗೇ ಮರುಪರಿಶೀಲನೆ ಕೋರುವ ಗುಂಡಿ ಇರುತ್ತದೆ. ಕೆಲವು ಸಲ ಬರೆಯಲು ಜಾಗ ಕೊಡದೆ, ಕಾರಣಗಳ ಪಟ್ಟಿಯಿಂದ ಒಂದನ್ನು ಆರಿಸಲು ಮಾತ್ರ ಬಿಡುತ್ತಾರೆ. ಆಗ ಅದನ್ನೇ ಮಾಡಿ. ಬರೆಯಲು ಜಾಗವಿದ್ದರೆ ಅಲ್ಲಿ ಸಂಸ್ಕೃತಿ, ತಾಯ್ತನದ ಹಿರಿಮೆ, ಕಂಪನಿಯ ಅನ್ಯಾಯ ಯಾವುದನ್ನೂ ಬರೆಯಬೇಡಿ. ಓದುವವರಿಗೆ ಸಿಗುವುದು ಕೆಲವೇ ಕ್ಷಣ. ಎರಡನೆಯ ಸಲ ನಾನು ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು:

"ಈ ಚಿತ್ರದಲ್ಲಿ ತಾಯಿಯೊಬ್ಬಳು ತನ್ನ ಮಗುವಿಗೆ ಎದೆಹಾಲುಣಿಸುತ್ತಿದ್ದಾಳೆ ಮತ್ತು ಮಗುವಿನ ಬಾಯಿ ಎದೆಯಲ್ಲಿದೆ. ಮಗುವಿಗೆ ಬಟ್ಟೆ ತೊಡಿಸಲಾಗಿದೆ. ವಯಸ್ಕರ ನಗ್ನತೆಯ ಕುರಿತ ನಿಮ್ಮ ನಿಯಮದಲ್ಲಿ ಎದೆಹಾಲುಣಿಸುವ ಚಿತ್ರಗಳಿಗೆ ವಿನಾಯಿತಿ ಇದೆ. ಚಿತ್ರವನ್ನು ಆರೋಗ್ಯ ಶಿಕ್ಷಣಕ್ಕಾಗಿ ಹಾಕಲಾಗಿದೆ. ಚಿತ್ರದಲ್ಲಿರುವ ತಾಯಿಯ ಒಪ್ಪಿಗೆ ಇದೆ. ಮನುಷ್ಯ ಪರಿಶೀಲಕರಿಂದ ಮರುಪರಿಶೀಲನೆ ಮಾಡಿಸಬೇಕೆಂದು ಕೋರುತ್ತೇನೆ."

ಇದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕೊಡಿ. ಯೂಟ್ಯೂಬ್ ಆದರೆ ಶಿಕ್ಷಣದ ವಿನಾಯಿತಿಯನ್ನು ಹೆಸರಿಸಿ, ವಿಡಿಯೊದ ಎಷ್ಟನೆಯ ನಿಮಿಷದಲ್ಲಿ ಯಾವ ಪಾಠ ಹೇಳಿದೆ ಎಂದು ತಿಳಿಸಿ. ಅಲ್ಲಿ 90 ದಿನಗಳೊಳಗೆ ಮೂರು ಸ್ಟ್ರೈಕ್, ಅಂದರೆ ನಿಯಮ ಮೀರಿದ ದಾಖಲೆ, ಬಿದ್ದರೆ ಚಾನೆಲ್ಲೇ ಹೋಗುತ್ತದೆ, ಆದ್ದರಿಂದ ಮೊದಲನೆಯ ಎಚ್ಚರಿಕೆಯನ್ನೂ ಸುಮ್ಮನೆ ಒಪ್ಪಿಕೊಳ್ಳಬೇಡಿ. ನಮ್ಮಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಮನವಿಯ ಪಠ್ಯವನ್ನು ಮೊದಲೇ ಫೋನಿನಲ್ಲಿ ಬರೆದಿಟ್ಟುಕೊಂಡು, ಗುಡ್ಡದ ಮೇಲೋ ಪೇಟೆಗೆ ಹೋದಾಗಲೋ ಸಿಗ್ನಲ್ ಸಿಕ್ಕ ಕೂಡಲೇ ಅಂಟಿಸಿ ಕಳುಹಿಸುವುದು ಒಳ್ಳೆಯದು. ಅರ್ಧಕ್ಕೆ ನಿಂತ ಮನವಿ ಹೋಯಿತೋ ಇಲ್ಲವೋ ತಿಳಿಯದೆ ನಾನು ಮೂರು ದಿನ ಕಳೆದುಕೊಂಡಿದ್ದೆ.

ಕಂಪನಿ ಕೇಳದಿದ್ದರೆ

ಇಲ್ಲಿಂದ ಮುಂದೆ ಎರಡು ದಾರಿಗಳಿವೆ. ಮೊದಲನೆಯದು ನಮ್ಮ ದೇಶದ ನಿಯಮದ ದಾರಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಪ್ರತಿಯೊಂದು ಜಾಲತಾಣವೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು ಮತ್ತು ಸಂಪರ್ಕವನ್ನು ಪ್ರಕಟಿಸಬೇಕು. 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ದೊಡ್ಡ ಜಾಲತಾಣಗಳಲ್ಲಿ ಆ ಅಧಿಕಾರಿ ಭಾರತದಲ್ಲಿಯೇ ವಾಸಿಸುವವರಾಗಿರಬೇಕು. ದೂರು ತಲುಪಿತೆಂದು 24 ಗಂಟೆಯೊಳಗೆ ಅವರು ತಿಳಿಸಬೇಕು. ಇತ್ಯರ್ಥಕ್ಕೆ 2021ರಲ್ಲಿ ಕೊಟ್ಟಿದ್ದ ಗಡುವು 15 ದಿನ. ಈ ನಿಯಮಗಳಿಗೆ ಆಗಾಗ ತಿದ್ದುಪಡಿ ಬರುವುದರಿಂದ ನೀವು ದೂರು ಕೊಡುವ ದಿನ ಚಾಲ್ತಿಯಲ್ಲಿರುವ ಗಡುವನ್ನು ನೋಡಿ ದೂರಿನಲ್ಲಿಯೇ ಉಲ್ಲೇಖಿಸಿ. ದೊಡ್ಡ ಜಾಲತಾಣಗಳು ತಾವಾಗಿಯೇ ಒಂದು ಪೋಸ್ಟನ್ನು ತೆಗೆದಾಗ ಕಾರಣ ತಿಳಿಸಿ, ಅದನ್ನು ಪ್ರಶ್ನಿಸಲು ಅವಕಾಶ ಕೊಡಬೇಕೆಂಬುದೂ ಇದೇ ನಿಯಮಗಳಲ್ಲಿದೆ. ಕಾರಣವನ್ನೇ ಹೇಳದೆ ಅಳಿಸಿದ್ದರೆ ದೂರಿನಲ್ಲಿ ಇದನ್ನು ಮೊದಲು ಬರೆಯಿರಿ.

ಆ ಅಧಿಕಾರಿಯ ಉತ್ತರ ಸಮಾಧಾನ ಕೊಡದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2022ರ ತಿದ್ದುಪಡಿಯಿಂದ ಹುಟ್ಟಿ 2023ರಲ್ಲಿ ಕೆಲಸ ಆರಂಭಿಸಿದ ಈ ಸಮಿತಿಗಳಿಗೆ ಶಿವಮೊಗ್ಗದಿಂದ ದೆಹಲಿಗೆ ಹೋಗುವ ಅಗತ್ಯವಿಲ್ಲ, ಎಲ್ಲವೂ ಜಾಲತಾಣದಲ್ಲಿಯೇ ನಡೆಯುತ್ತದೆ. ಜಿಎಸಿ ಡಾಟ್ ಗವ್ ಡಾಟ್ ಇನ್ ಎಂಬುದು ವಿಳಾಸ. ಅಧಿಕಾರಿಯ ಉತ್ತರ ಬಂದ 30 ದಿನಗಳೊಳಗೆ ಮನವಿ ಸಲ್ಲಿಸಬೇಕು, ಸಮಿತಿಯೂ 30 ದಿನಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ನಿಯಮ ಹೇಳುತ್ತದೆ. ಮೊದಲು ತೆಗೆದಿಟ್ಟ ಸ್ಕ್ರೀನ್‌ಶಾಟ್, ಅಧಿಕಾರಿಗೆ ಬರೆದ ದೂರು, ಅವರ ಉತ್ತರ ಎಲ್ಲವೂ ಇಲ್ಲಿ ಬೇಕಾಗುತ್ತದೆ. ತಾಲ್ಲೂಕು ಕೇಂದ್ರದ ಸೈಬರ್ ಸೆಂಟರಿನಲ್ಲಿ ಕುಳಿತು ಇವನ್ನು ಹಾಕಿಸುವವರು ಅಲ್ಲಿನ ಗಣಕಯಂತ್ರದಲ್ಲಿ ಬಾಣಂತಿಯ ಚಿತ್ರ ಉಳಿಯದಂತೆ ನೋಡಿಕೊಳ್ಳಲೇಬೇಕು. ಸಾಧ್ಯವಾದರೆ ಮನೆಯ ಫೋನಿನಿಂದಲೇ ಮಾಡಿ.

ಎರಡನೆಯ ದಾರಿ ಓವರ್‌ಸೈಟ್ ಬೋರ್ಡ್. ಇದು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ಥ್ರೆಡ್ಸ್‌ಗೆ ಮಾತ್ರ. ಕಂಪನಿಯ ಅಂತಿಮ ನಿರ್ಧಾರದೊಂದಿಗೆ ಬರುವ ಉಲ್ಲೇಖ ಸಂಖ್ಯೆಯನ್ನು ಕೊಟ್ಟು 15 ದಿನಗಳೊಳಗೆ ಮನವಿ ಹಾಕಬೇಕು. ಬೋರ್ಡ್ ಕೈಗೆತ್ತಿಕೊಳ್ಳುವ ಪ್ರಕರಣಗಳು ತೀರಾ ಕಡಿಮೆ, ಆದರೂ ನಾನು ಹಾಕಿ ಎನ್ನುತ್ತೇನೆ. ಬ್ರೆಜಿಲ್‌ನ ಪ್ರಕರಣದಲ್ಲಿ ಕಂಪನಿ ತನ್ನ ತಪ್ಪನ್ನು ಒಪ್ಪಿಕೊಂಡದ್ದು ಬೋರ್ಡ್ ಪ್ರಕರಣವನ್ನು ಆರಿಸಿಕೊಂಡ ಮೇಲೆಯೇ.

ಈ ಎಲ್ಲ ಓಡಾಟದ ನಡುವೆ ಪಾಠ ನಿಲ್ಲಬಾರದು. ಚಿತ್ರ ಮರಳುವವರೆಗೆ ಗೆರೆಚಿತ್ರ ಬಳಸಬಹುದು. ಊರಿನಲ್ಲಿ ಚಿತ್ರ ಬರೆಯುವ ಶಾಲಾ ಮೇಷ್ಟ್ರೋ ಕಾಲೇಜು ಹುಡುಗಿಯೋ ಇದ್ದೇ ಇರುತ್ತಾರೆ. ಇನ್ನೂ ಒಳ್ಳೆಯದು ಬಟ್ಟೆಯಲ್ಲಿ ಹೊಲಿದ ಅಥವಾ ಉಲ್ಲನ್‌ನಲ್ಲಿ ಹೆಣೆದ ಮೊಲೆಯ ಮಾದರಿ. ಹಾಲುಣಿಸುವುದನ್ನು ಕಲಿಸುವ ದಾದಿಯರು ಇದನ್ನು ಬಳಸುತ್ತಾರೆ. ಹಳೆಯ ಮೈಬಣ್ಣದ ರವಿಕೆ ಬಟ್ಟೆಗೆ ಹತ್ತಿ ತುಂಬಿ, ನಡುವೆ ಗಾಢ ಬಣ್ಣದ ದುಂಡು ತುಂಡನ್ನು ಹೊಲಿದು, ಅದರ ಮಧ್ಯೆ ಸಣ್ಣ ಗಂಟು ಹಾಕಿದರೆ ಸಿದ್ಧ. ಒಂದು ಗೊಂಬೆಯೊಂದಿಗೆ ಅದನ್ನು ತೋರಿಸಿ ಮಾಡಿದ ವಿಡಿಯೊದಲ್ಲಿ ಯಂತ್ರ ಹೆದರುವಂಥದ್ದು ಏನೂ ಇಲ್ಲ. ಆದರೆ ಇದು ನಿಜವಾದ ಚಿತ್ರದ ಬದಲಿಗೆ ಶಾಶ್ವತವಾಗಿ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಒಡೆದ ತೊಟ್ಟು ಹೇಗಿರುತ್ತದೆ, ಹಾಲು ಕಟ್ಟಿಕೊಂಡು ಕೆಂಪಾದ ಎದೆ ಹೇಗಿರುತ್ತದೆ ಎಂಬುದನ್ನು ಹತ್ತಿ ತುಂಬಿದ ಬಟ್ಟೆ ತೋರಿಸಲಾರದು.

ಚಿತ್ರವನ್ನು ಬೇರೆಯವರು ಕದ್ದರೆ

ಒಳ್ಳೆಯ ಉದ್ದೇಶದ ಚಿತ್ರವನ್ನು ಅಳಿಸುವ ಅದೇ ಜಾಲದಲ್ಲಿ, ಬಾಣಂತಿಯ ಚಿತ್ರವನ್ನು ಕದ್ದು ಕೆಟ್ಟ ಮಾತಿನೊಂದಿಗೆ ಹಂಚುವವರೂ ಇದ್ದಾರೆ. ಹಾಗಾದರೆ ನಾಚಿಕೆಯಿಂದ ಸುಮ್ಮನಿರಬೇಡಿ. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಖಾಸಗಿ ಅಂಗದ ಚಿತ್ರವನ್ನು ತೆಗೆಯುವುದು ಅಥವಾ ಪ್ರಕಟಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ ಅಪರಾಧ, ಹೆಣ್ಣಿನ ಎದೆಯೂ ಅದರ ವ್ಯಾಖ್ಯೆಯಲ್ಲಿ ಸೇರಿದೆ; ಬಸ್‌ಸ್ಟ್ಯಾಂಡಿನಲ್ಲಿ ಹಾಲುಣಿಸುತ್ತಿದ್ದವಳ ಚಿತ್ರವನ್ನು ಕದ್ದು ತೆಗೆದವರ ವಿರುದ್ಧವೂ ಈ ಕಲಮಿನಡಿ ದೂರು ಕೊಡಬಹುದು. ಇಂಥ ಚಿತ್ರದ ಬಗ್ಗೆ ಅದರಲ್ಲಿರುವವಳು ಅಥವಾ ಅವಳ ಪರವಾಗಿ ಬೇರೆಯವರು ಜಾಲತಾಣಕ್ಕೆ ದೂರು ಕೊಟ್ಟರೆ ತೆಗೆಯಲು 2021ರ ನಿಯಮ ಕೊಟ್ಟಿದ್ದ ಗಡುವೇ 24 ಗಂಟೆ. ಜೊತೆಗೆ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಅಥವಾ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ. ದೂರು ಕೊಡುವ ಮೊದಲು ಕದ್ದ ಪೋಸ್ಟಿನ ಕೊಂಡಿ ಮತ್ತು ಸ್ಕ್ರೀನ್‌ಶಾಟ್ ಉಳಿಸಿಟ್ಟುಕೊಳ್ಳಿ.

ಕೊನೆಯದಾಗಿ ಒಂದು ಕೆಲಸ ಉಳಿಯುತ್ತದೆ. ಚಿತ್ರ ಮರಳಿ ಬಂದ ಮೇಲೂ ಅದು ಆ ತಾಯಿಯದೇ. ಕಳೆದ ಮಾರ್ಚ್‌ನಲ್ಲಿ ನನ್ನ ಅಕ್ಕನ ಮಗಳು ಬೇರೆ ಊರಿನಲ್ಲಿ ಕೆಲಸಕ್ಕೆ ಸೇರುವಾಗ ಫೋನು ಮಾಡಿ, ಆ ಚಿತ್ರವನ್ನು ಇನ್ನು ತೆಗೆದುಬಿಡಿ ಚಿಕ್ಕಮ್ಮ ಎಂದಳು. ಹನ್ನೊಂದು ದಿನ ಕಾದು ಮರಳಿ ಪಡೆದ ಚಿತ್ರವೆಂದು ನಾನು ಒಂದು ಮಾತೂ ಆಡಲಿಲ್ಲ. ಅದೇ ಸಂಜೆ ಪೋಸ್ಟನ್ನು ಅಳಿಸಿ, ಅದನ್ನು ಹಂಚಿಕೊಂಡಿದ್ದ ಎರಡು ವಾಟ್ಸ್‌ಆ್ಯಪ್ ಗುಂಪಿನವರಿಗೂ ಅಳಿಸಲು ಬರೆದು, ಅಳಿಸಿದೆವೆಂದು ಅವರು ಉತ್ತರಿಸಿದ ಸಂದೇಶಗಳನ್ನು ಅವಳಿಗೆ ಕಳುಹಿಸಿದೆ. ನೀವು ಬೇರೆಯವರ ಚಿತ್ರ ಹಾಕಿದ್ದರೆ, ಅದು ಎಲ್ಲೆಲ್ಲಿ ಹೋಗಿದೆ ಎಂಬ ಪಟ್ಟಿಯನ್ನು ಮೊದಲ ದಿನದಿಂದಲೇ ಬರೆದಿಟ್ಟುಕೊಳ್ಳಿ.